ಆಫೀಸ್ ಫೈಲಿಗೆ ಸ್ವಂತ ಲ್ಯಾಪ್‌ಟಾಪ್: ಝಡ್ ಡ್ರೈವೋ, ರಿಮೋಟ್ ಡೆಸ್ಕ್‌ಟಾಪೋ, ಕ್ಲೌಡೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಝಡ್ ಡ್ರೈವಿಗೆ. ಅಂದರೆ ಸರ್ವರಿನ ಶೇರ್ಡ್ ಫೋಲ್ಡರನ್ನು ಮ್ಯಾಪ್ ಮಾಡಿ, ನಮ್ಮ ಲ್ಯಾಪ್‌ಟಾಪಿನದೇ ಒಂದು ಡ್ರೈವ್ ಅನ್ನೋ ಹಾಗೆ ಇಟ್ಟುಕೊಳ್ಳುವುದು. ಅಲ್ಲಿಗೆ ತಲುಪುವಷ್ಟರಲ್ಲಿ ಒಂದು ವಾರ ತಲೆ ಕೆಟ್ಟು ಹೋಗಿತ್ತು, ಆ ಮಾತು ಬೇರೆ.

ನಾನು ದಾವಣಗೆರೆಯ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ನೋಡುವವನು. ಕ್ಲೈಂಟುಗಳ ಎಕ್ಸೆಲ್, ಟ್ಯಾಲಿ ಡೇಟಾ, ಸ್ಕ್ಯಾನ್ ಮಾಡಿದ ಬಿಲ್ಲು ಎಲ್ಲವೂ ಮೂಲೆಯಲ್ಲಿರುವ ಹಳೇ ಸರ್ವರಿನಲ್ಲಿ. ನನಗೆ ಕೊಟ್ಟಿದ್ದ ಡೆಸ್ಕ್‌ಟಾಪ್ ಆನ್ ಆಗುವಷ್ಟರಲ್ಲಿ ಕೆಳಗೆ ಹೋಗಿ ಟೀ ಕುಡಿದು ಬರಬಹುದಿತ್ತು. ಸಾಕಾಗಿ ಸ್ವಂತ ದುಡ್ಡಿನಲ್ಲಿ ವಿಂಡೋಸ್ 11 ಹೋಮ್ ಇರುವ ಲ್ಯಾಪ್‌ಟಾಪ್ ತಗೊಂಡೆ. "ವೈರಸ್ಸು ಗಿರಸ್ಸು ತರಬೇಡ ನೋಡಪ್ಪ" ಅಂದು ಸರ್ ಒಪ್ಪಿದರು.

ಮೊದಲ ದಿನ ಬೇಕಾಗಿದ್ದು ಸ್ಕ್ಯಾನ್ ಫೋಲ್ಡರ್ ಮಾತ್ರ. ಅದಕ್ಕೆ ಎಲ್ಲರೂ ಬಳಸುವ ಒಂದು ಕಾಮನ್ ಯೂಸರ್ ನೇಮ್ ಇದೆ. ಅದನ್ನೇ ಹಾಕಿದೆ, ನೆನಪಿಟ್ಟುಕೋ ಅನ್ನುವ ಟಿಕ್ಕನ್ನೂ ಹಾಕಿದೆ. ತಕ್ಷಣ ತೆರೆಯಿತು. ಇಷ್ಟೇನಾ ಅಂದುಕೊಂಡೆ.

ಮಾರನೇ ದಿನ ಕ್ಲೈಂಟ್ ಫೋಲ್ಡರಿಗೆ ಕೈ ಹಾಕಿದೆ. ಅದಕ್ಕೆ ನನ್ನದೇ ಹೆಸರು, ನನ್ನದೇ ಪಾಸ್‌ವರ್ಡ್. ಕೊಟ್ಟೆ, ಒಪ್ಪಲಿಲ್ಲ. ಪಾಸ್‌ವರ್ಡ್ ತಪ್ಪಿರಬೇಕು ಅಂತ ಮೂರು ಸಲ ಹೊಡೆದೆ. ಲ್ಯಾಪ್‌ಟಾಪಿನ ಪಿನ್ ಕೂಡ ಹೊಡೆದು ನೋಡಿದೆ, ನಗಬೇಡಿ. ರೀಸ್ಟಾರ್ಟ್ ಮಾಡಿದೆ. ಅದೇ ಹಾಡು. ಪಕ್ಕದ ಟೇಬಲ್ಲಿನವರ ಕಂಪ್ಯೂಟರಿನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಸಲೀಸಾಗಿ ನಡೆಯಿತು.

ಕೊನೆಗೆ ಎರರ್ ಸಂದೇಶವನ್ನು ಪೂರ್ತಿ ಓದಿದೆ. ಮೊದಲೇ ಓದಬೇಕಿತ್ತು. ನಂಬರ್ 1219. ಒಂದು ಲಾಗಿನ್ನಿನಲ್ಲಿ ಒಂದೇ ಸರ್ವರಿಗೆ ಎರಡು ಯೂಸರ್ ಹೆಸರಿನಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ. ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಅದು ಆ ಕಾಮನ್ ಹೆಸರಿನಲ್ಲಿ ಸರ್ವರಿಗೆ ಹೋಗಿ ಕೂತಿರುತ್ತಿತ್ತು. ನಾನೇ ಟಿಕ್ ಹಾಕಿ ಕಳಿಸಿದ್ದು! ಆಮೇಲೆ ನಾನು ಹೋದರೆ ಬಾಗಿಲು ಹೇಗೆ ತೆಗೆಯುತ್ತದೆ?

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪಾಸ್‌ವರ್ಡುಗಳನ್ನು ನೆನಪಿಟ್ಟುಕೊಳ್ಳುವ ಕ್ರೆಡೆನ್ಶಿಯಲ್ ಮ್ಯಾನೇಜರಿಗೆ ಹೋಗಿ ಸರ್ವರಿನ ಹಳೇ ಎಂಟ್ರಿ ತೆಗೆದೆ. ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್ ಯೂಸ್, ಸ್ಟಾರ್, ಸ್ಲ್ಯಾಶ್ ಡಿಲೀಟ್ ಹೊಡೆದು ಇದ್ದಬದ್ದ ಸಂಪರ್ಕವನ್ನೆಲ್ಲ ಕಿತ್ತೆ. ಆಮೇಲೆ ಡ್ರೈವ್ ಮ್ಯಾಪ್ ಮಾಡುವಾಗ ಬೇರೆ ಹೆಸರಿನಲ್ಲಿ ಸೇರುತ್ತೇನೆ ಅನ್ನುವ ಟಿಕ್ ಹಾಕಿ, ಸರ್ವರ್ ಹೆಸರು, ಬ್ಯಾಕ್‌ಸ್ಲ್ಯಾಶ್, ನನ್ನ ಯೂಸರ್ ನೇಮ್, ಹೀಗೆ ಪೂರ್ತಿ ಬರೆದೆ. ಝಡ್ ಡ್ರೈವ್ ಬಂತು. ಸ್ಕ್ಯಾನ್ ಫೋಲ್ಡರಿಗೂ ನನ್ನ ಹೆಸರಿನಲ್ಲೇ ಪರ್ಮಿಷನ್ ಹಾಕಿಸಿಕೊಂಡೆ, ಎರಡು ಹೆಸರಿನ ಜಂಜಾಟವೇ ಬೇಡ ಅಂತ. ಒಂದು ಕಳ್ಳದಾರಿಯೂ ಇದೆ. ಎರಡನೇ ಫೋಲ್ಡರನ್ನು ಸರ್ವರ್ ಹೆಸರಿನ ಬದಲು ಅದರ ಐಪಿ ಅಡ್ರೆಸ್ (ನೆಟ್‌ವರ್ಕಿನಲ್ಲಿ ಅದರ ಅಂಕಿಯ ವಿಳಾಸ) ಕೊಟ್ಟು ತೆರೆದರೆ, ಇದ್ಯಾವುದೋ ಬೇರೆ ಸರ್ವರ್ ಅಂತ ವಿಂಡೋಸ್ ಸುಮ್ಮನಾಗುತ್ತದೆ.

ಈ ಗೋಳಿನ ಮಧ್ಯೆ ನಾಲ್ಕು ದಿನ ರಿಮೋಟ್ ಡೆಸ್ಕ್‌ಟಾಪ್ ನೋಡಿದೆ, ಅಂದರೆ ಆಫೀಸಿನ ಕಂಪ್ಯೂಟರಿನ ಸ್ಕ್ರೀನನ್ನೇ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ಕೆಲಸ ಮಾಡುವುದು. ಲ್ಯಾಪ್‌ಟಾಪಿನಲ್ಲಿ ಹೋಮ್ ಇದ್ದರೂ ಪರವಾಗಿಲ್ಲ, ಅತ್ತ ಕಡೆಯ ಕಂಪ್ಯೂಟರಿನಲ್ಲಿ ವಿಂಡೋಸಿನ ಪ್ರೊ ಆವೃತ್ತಿ ಇರಬೇಕು. ನಮ್ಮಲ್ಲಿ ಪ್ರೊ ಇದ್ದದ್ದು ಒಂದೇ ಒಂದರಲ್ಲಿ, ಅದು ರಿಸೆಪ್ಶನ್ ಮೇಡಂ ಕೂರುವ ಕಂಪ್ಯೂಟರ್. ನಾನು ಒಳಗೆ ಹೋದರೆ ಅವರ ಸ್ಕ್ರೀನ್ ಲಾಕ್, ಅವರು ಪಾಸ್‌ವರ್ಡ್ ಹೊಡೆದರೆ ನಾನು ಹೊರಗೆ. ಎರಡನೇ ದಿನಕ್ಕೇ ಮುಖ ಊದಿಸಿಕೊಂಡರು. ರಾತ್ರಿ ಮನೆಯಿಂದ ಕೆಲಸ ಮಾಡೋಣ ಅಂದರೆ ಆಫೀಸಿನಲ್ಲಿ ಕರೆಂಟ್ ಹೋಗಿ ಯುಪಿಎಸ್ ಸತ್ತಿತ್ತು.

ಒಂದು ವಿಷಯಕ್ಕೆ ಮಾತ್ರ ಅದನ್ನು ಮೆಚ್ಚಿದೆ. ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೇ ಪತ್ರಗಳು ಸರಿಯಾಗಿ ಕಂಡವು, ಆ ಕಂಪ್ಯೂಟರಿನಲ್ಲಿ ಫಾಂಟ್ ಇತ್ತಲ್ಲ. ಝಡ್ ಡ್ರೈವಿನಿಂದ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಟೊಪ್ಪಿಗೆ, ಬಾಲ ಅಂಟಿಸಿದ ಹಾಗೆ ಕಾಣುತ್ತಿತ್ತು. ನುಡಿ ಹಾಕಿಕೊಂಡ ಮೇಲೆ ಅದೂ ಸರಿಹೋಯಿತು.

ಕ್ಲೌಡ್, ಅಂದರೆ ಫೈಲನ್ನು ಇಂಟರ್‌ನೆಟ್ಟಿನಲ್ಲಿ ಇಡುವುದು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೂಗಲ್ ಡ್ರೈವಿನಲ್ಲಿ ಪುಕ್ಕಟೆ ಸಿಗೋದು 15 ಜಿಬಿ, ಒನ್‌ಡ್ರೈವಿನಲ್ಲಿ 5. ನಮ್ಮ ಸ್ಕ್ಯಾನ್ ಫೋಲ್ಡರ್ ಒಂದೇ ಅದಕ್ಕಿಂತ ದೊಡ್ಡದು, ತಿಂಗಳಾ ತಿಂಗಳಾ ಬಾಡಿಗೆ ಕಟ್ಟೋರು ಯಾರು? ಒನ್‌ಡ್ರೈವಿನಲ್ಲಿ ಒಂದೇ ಎಕ್ಸೆಲ್ ಹಾಳೆಯನ್ನು ಇಬ್ಬರೂ ನೆಟ್ ಇಲ್ಲದಾಗ ತಿದ್ದಿದೆವು. ಕಂಪ್ಯೂಟರ್ ಹೆಸರಿನ ಬಾಲ ಹಚ್ಚಿಕೊಂಡು ಇನ್ನೊಂದು ಕಾಪಿ ಹುಟ್ಟಿತು. ಅವತ್ತು 20ನೇ ತಾರೀಖು, ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ ಕೊನೇ ದಿನ. ಯಾವುದು ಅಸಲು ಅಂತ ಸಾಲು ಸಾಲು ಹೋಲಿಸುತ್ತಾ ಕೂತೆವು. ಝಡ್ ಡ್ರೈವಿನಲ್ಲಾದರೆ ಒಬ್ಬರು ತೆರೆದಿರುವ ಎಕ್ಸೆಲ್ ಫೈಲನ್ನು ಇನ್ನೊಬ್ಬರು ತೆರೆಯಲು ಹೋದಾಗ, ಇಂಥವರು ತೆರೆದಿದ್ದಾರೆ ಅಂತ ಹೆಸರೇ ಬರುತ್ತದೆ. ಎದ್ದು ಹೋಗಿ "ಮುಚ್ಚಪ್ಪಾ ಸ್ವಲ್ಪ" ಅನ್ನಬಹುದು.

ಮನೆಯಿಂದ ಝಡ್ ಡ್ರೈವ್ ಬೇಕಾದರೆ ವಿಪಿಎನ್ ಹಾಕಿಸಿಕೊಳ್ಳಿ, ಅಂದರೆ ಇಂಟರ್‌ನೆಟ್ ಮೂಲಕ ಆಫೀಸ್ ನೆಟ್‌ವರ್ಕಿಗೆ ಹೋಗುವ ಸುರಕ್ಷಿತ ದಾರಿ. ರೂಟರಿನಲ್ಲಿ ಫೈಲ್ ಶೇರಿಂಗಿನ ಬಾಗಿಲಾದ 445ನೇ ಪೋರ್ಟನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದು ಬಿಡಬೇಡಿ. 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿದ್ದ ವಾನಾಕ್ರೈ ವೈರಸ್ ಹರಡಿದ್ದು ಅದೇ ಬಾಗಿಲಿನಿಂದ. ವಿಪಿಎನ್ ಮೇಲೆ ದೊಡ್ಡ ಎಕ್ಸೆಲ್ ನಿಧಾನ, ಟ್ಯಾಲಿಯಂತೂ ಆಮೆ. ಹಾಗಾಗಿ ಟ್ಯಾಲಿ ಕೆಲಸವನ್ನೆಲ್ಲ ಆಫೀಸಿನಲ್ಲೇ ಲ್ಯಾನ್ ಕೇಬಲ್ ಚುಚ್ಚಿಕೊಂಡು ಮುಗಿಸುತ್ತೇನೆ. ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಪೋರ್ಟ್ ಇಲ್ಲದ್ದಕ್ಕೆ ಯುಎಸ್‌ಬಿ ಅಡಾಪ್ಟರ್ ಕೊಳ್ಳಬೇಕಾಯಿತು. ಲ್ಯಾಪ್‌ಟಾಪ್ ಬಿಟ್ಟರೆ ಈ ಇಡೀ ಏರ್ಪಾಡಿಗೆ ಕೈಯಿಂದ ಬಿದ್ದ ಖರ್ಚು ಅದೊಂದೇ, ಬಿಲ್ಲನ್ನು ಸರ್ ಟೇಬಲ್ ಮೇಲೆ ಇಟ್ಟಿದ್ದೇನೆ, ಇನ್ನೂ ಪಾಸಾಗಿಲ್ಲ.