1871ರ ನಳಂದ ನಕ್ಷೆ ಅಂತ ಮಾರ್ತಿದ್ದಾರೆ, ಹುಷಾರು

ಹದಿನೆಂಟೂವರೆ ಸಾವಿರ ಕೊಟ್ಟು ಮೋಸ ಹೋದ ಕತೆ ಇದು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಹಳೇ ನಕ್ಷೆ, ಹಳೇ ಚಿತ್ರ ಅಂದ್ರೆ ನನಗೆ ಮೊದಲಿಂದಲೂ ಹುಚ್ಚು. ಆನ್‌ಲೈನ್‌ನಲ್ಲಿ ಇಂಥವನ್ನು ಮಾರುವ ಒಬ್ಬರ ಹತ್ತಿರ ನಳಂದ ಮಹಾವಿಹಾರದ ಅವಶೇಷಗಳ ನಕ್ಷೆ ಕಂಡಿತು. 1871ರದ್ದು, ತಾಮ್ರದ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕಿದ್ದು, ಬ್ರಿಟಿಷರ ಕಾಲದ ಪುರಾತತ್ವ ಅಧಿಕಾರಿ ಕನ್ನಿಂಗ್‌ಹ್ಯಾಂ ಅವರ ವರದಿಯಿಂದ ಬಿಡಿಸಿದ ಹಾಳೆ ಅಂತ ಬರೆದಿದ್ದರು. ಕಾಗದ ಕಂದು ತಿರುಗಿತ್ತು. ಮೂಲೆಯಲ್ಲಿ ಹುಳ ತಿಂದ ತೂತು. ಚಿತ್ರದ ಸುತ್ತ ತಗಡು ಒತ್ತಿದ ಗುರುತು ಬೇರೆ. ನಂಬದೆ ಏನು ಮಾಡಲಿ?

ಎಂಟು ತಿಂಗಳು ಹಾಲಿನ ಗೋಡೆ ಮೇಲಿತ್ತು. ಬಂದವರಿಗೆಲ್ಲ ತೋರಿಸಿ ಭಾಷಣ ಬಿಗಿಯುತ್ತಿದ್ದೆ.

ಆಮೇಲೆ ಡಿಸೆಂಬರ್‌ನಲ್ಲಿ ಗಯಾ, ರಾಜಗೀರ್ ನೋಡಿಕೊಂಡು ನಳಂದಕ್ಕೂ ಹೋದೆವು. ಅಲ್ಲಿ ಪೂರ್ವಕ್ಕೆ ವಿಹಾರಗಳ ಸಾಲು, ಪಶ್ಚಿಮಕ್ಕೆ ದೇವಾಲಯಗಳ ಸಾಲು, ನಡುವೆ ಅಗಲವಾದ ದಾರಿ. ಥೇಟ್ ನಮ್ಮನೆ ನಕ್ಷೆ! ನನಗೆ ಎಲ್ಲಿಲ್ಲದ ಖುಷಿ. ಅಷ್ಟರಲ್ಲಿ ಗೈಡ್, ಇದನ್ನೆಲ್ಲ ಪುರಾತತ್ವ ಇಲಾಖೆ ಅಗೆಯೋಕೆ ಶುರು ಮಾಡಿದ್ದೇ 1915ರಲ್ಲಿ, 1937ರ ತನಕ ಕೆಲಸ ನಡೀತು ಅಂದರು.

ನನ್ನ ಹೆಂಡತಿ ಮೆಲ್ಲಗೆ ಕೇಳಿದಳು: "ರೀ, ಹಾಗಾದ್ರೆ 1871ರಲ್ಲಿ ಮಣ್ಣೊಳಗಿನ ಕೋಣೆ ಕಂಡಿದ್ದು ಹೇಗೆ?"

ಉತ್ತರ ಇರಲಿಲ್ಲ.

ಊರಿಗೆ ಬಂದು ಕೂತು ನೋಡಿದೆ. ಕನ್ನಿಂಗ್‌ಹ್ಯಾಂ ನಳಂದಕ್ಕೆ ಹೋಗಿದ್ದು 1860ರ ದಶಕದ ಶುರುವಿನಲ್ಲಿ. ಚೀನಾದ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಬರೆದಿಟ್ಟ ದಿಕ್ಕು, ದೂರ ಹಿಡಿದು ಹೋಗಿ, ಬಡಗಾಂವ್ ಹಳ್ಳಿಯ ಪಕ್ಕದ ಹಾಳೇ ನಳಂದ ಅಂತ ಗುರುತಿಸಿದರು. ಆ ವರದಿಯ ಮೊದಲ ಸಂಪುಟ 1871ರಲ್ಲಿ ಶಿಮ್ಲಾದಲ್ಲಿ ಪ್ರಕಟವಾಯಿತು. ಮಾರಿದವರು ಇಸವಿಯನ್ನು ಸರಿಯಾಗೇ ಹಾಕಿದ್ದರು, ಅದೇ ಚಾಲಾಕಿತನ. ಆದರೆ ಆಗ ಅಲ್ಲಿ ಕಾಣುತ್ತಿದ್ದುದು ಇಟ್ಟಿಗೆ ರಾಶಿ, ಉತ್ತರ-ದಕ್ಷಿಣ ಸಾಲಾಗಿ ಎತ್ತರದ ದಿಬ್ಬಗಳು, ಸುತ್ತ ದೊಡ್ಡ ಕೆರೆಗಳು. ಅಷ್ಟೇ. ನನ್ನ ನಕ್ಷೆಯಲ್ಲೋ ಹನ್ನೊಂದು ವಿಹಾರಗಳೂ ಇದ್ದವು! ಪ್ರತಿಯೊಂದರ ಅಂಗಳದ ಸುತ್ತ ಭಿಕ್ಷುಗಳ ಕೋಣೆಗಳನ್ನೂ ಅಚ್ಚುಕಟ್ಟಾಗಿ ಬರೆದಿದ್ದರು. ಈಗಿನ ಯಾವುದೋ ನಕ್ಷೆ ನೋಡಿ ಬರೆದು, ಹಳೇ ಕಾಲದ ಇಂಗ್ಲಿಷ್ ಅಕ್ಷರ ಜೋಡಿಸಿದ್ದಾರೆ.

ತಗಡಿನ ಗುರುತಿನದ್ದೂ ಅದೇ ಹಣೆಬರಹ. ಆ ವರದಿಯ ನಕ್ಷೆಗಳು ತಾಮ್ರದ ಕೆತ್ತನೆಯವೇ ಅಲ್ಲ, ಕಲ್ಲಚ್ಚಿನ (ಕೆತ್ತದೆ, ಸಪಾಟಾದ ಮೇಲ್ಮೈಯಿಂದ ಅಚ್ಚು ತೆಗೆಯುವ) ಜಾತಿಯವು. ತಾಮ್ರದ ತಗಡನ್ನು ಜೋರಾಗಿ ಒತ್ತಿ ಅಚ್ಚು ತೆಗೆಯುವುದರಿಂದ ಕಾಗದದಲ್ಲಿ ತಗ್ಗು ಬೀಳುತ್ತದೆ. ಕಲ್ಲಚ್ಚಿನಲ್ಲಿ ಅದು ಬೀಳುವುದಿಲ್ಲ. ಅಂದ್ರೆ ನಾನು ಯಾವುದನ್ನು ನೋಡಿ ನಂಬಿದೆನೋ ಅದೇ ಅವರ ಕಳ್ಳತನ ಹೇಳುತ್ತಿತ್ತು.

ಆಮೇಲೆ ಫ್ರೇಮ್ ಬಿಚ್ಚಿ ಭೂತಗನ್ನಡಿ ಹಿಡಿದೆ. ಗೆರೆಗಳೆಲ್ಲ ಸಣ್ಣ ಸಣ್ಣ ಬಣ್ಣದ ಚುಕ್ಕಿ, ಈಗಿನ ಪ್ರಿಂಟರ್ ಕೆಲಸ. ಖೋಟಾ ನೋಟು ನೋಡೋ ನೇರಳೆ ದೀಪ ಬಿಟ್ಟರೆ ಹರಿದ ಅಂಚು ನೀಲಿಯಾಗಿ ಹೊಳೆಯಿತು. ಈಗಿನ ಕಾಗದಕ್ಕೆ ಹಾಕುವ ಬಿಳುಪಿನ ರಾಸಾಯನಿಕ 1871ರ ಕಾಗದದಲ್ಲಿ ಇರೋಕೆ ಸಾಧ್ಯವೇ ಇಲ್ಲ. (ಹೊಳೆಯದಿದ್ದರೆ ಅಸಲಿ ಅಂತ ಮಾತ್ರ ತಿಳಿಯಬೇಡಿ. ಹೊಸ ಕಾಗದದಲ್ಲೂ ಎಷ್ಟೋ ಹೊಳೆಯುವುದಿಲ್ಲ.) ಕಂದು ಬಣ್ಣಕ್ಕೆ ಚಹಾವೋ ಕಾಫಿಯೋ ಬಳಿದಿರಬೇಕು. ಅಂಚಲ್ಲಿ ಗಾಢ, ಫ್ರೇಮಿನ ಅಡಿಯಲ್ಲಿ ಪಟ್ಟೆ ಪಟ್ಟೆ.

ಕನ್ನಿಂಗ್‌ಹ್ಯಾಂ ವರದಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ದುಡ್ಡು ಕಳಿಸುವ ಮುಂಚೆ ಆ ಪುಸ್ತಕ ತೆರೆದು ಹಾಳೆ ಪಕ್ಕ ಹಾಳೆ ಇಟ್ಟು ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಾನು ನೋಡಿದ್ದು ಮಾರುವವರಿಗೆ ಬಂದ ನಕ್ಷತ್ರಗಳನ್ನು.

ಮಾರಿದವರಿಗೆ ಫೋನ್ ಮಾಡಿದೆ. ಮೊದಲು "ಸರ್, ನಮ್ಮದು ಮೂವತ್ತು ವರ್ಷದ ವ್ಯವಹಾರ" ಅಂದರು. ಮರುದಿನ "ಅಲಂಕಾರದ ವಸ್ತು ಅಂತ ಬಿಲ್ಲಿನಲ್ಲಿ ಇದೆಯಲ್ಲ" ಅಂದರು. ಬಿಲ್ ತೆಗೆದು ನೋಡಿದರೆ ಹೌದು, ಸಣ್ಣ ಅಕ್ಷರದಲ್ಲಿ ಹಾಗೇ ಇತ್ತು. ಇಸವಿಯ ಮಾತೇ ಇರಲಿಲ್ಲ. ಅಲ್ಲಿಗೆ ನಂಬರ್ ಬ್ಲಾಕ್.

ಹೋದ ವಾರ ಅದೇ ನಕ್ಷೆ ಮತ್ತೆ ಮಾರಾಟಕ್ಕೆ ಬಂದಿದೆ. ಅದೇ ಹುಳ ತಿಂದ ತೂತು, ಅದೇ ಜಾಗದಲ್ಲಿ. ಇಸವಿ ಮಾತ್ರ 1862 ಆಗಿದೆ, ಬೆಲೆ ಎರಡು ಸಾವಿರ ಜಾಸ್ತಿ.