ಮನೆಗೇ ಬಂದ ಮತಪೆಟ್ಟಿಗೆ: ಅಜ್ಜಿಯ ಪರವಾಗಿ ಒಂದು ವಿಮರ್ಶೆ

ಚುನಾವಣೆ ಬಂತೆಂದರೆ ಸಿನಿಮಾದವರು, ಕ್ರಿಕೆಟ್‌ನವರು ಬೆರಳಿನ ಶಾಯಿ ತೋರಿಸಿ ‘ಬನ್ನಿ, ಮತ ಹಾಕಿ’ ಎನ್ನುತ್ತಾರೆ. ಒಳ್ಳೆಯದೇ. ಆದರೆ ಮೆಟ್ಟಿಲು ಇಳಿಯಲಾಗದ 88ರ ನಮ್ಮ ಅಜ್ಜಿ ಹೋಗುವುದು ಹೇಗೆ? 2024ರ ಲೋಕಸಭೆ ಚುನಾವಣೆಯಲ್ಲಿ ಅಧಿಕಾರಿಗಳೇ ಉಡುಪಿ ಕಿನ್ನಿಮೂಲ್ಕಿಯ ನಮ್ಮ ಮನೆಗೆ ಬಂದರು.

85 ದಾಟಿದವರಿಗೆ, ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರಿಗೆ ಈ ಸೌಲಭ್ಯ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಯಿಂದಲೇ ಮತ ಹಾಕಲು ಕೋರುವ 12ಡಿ ಫಾರಂ ತಂದುಕೊಟ್ಟರು. ಏಪ್ರಿಲ್ 26ರ ಮತದಾನಕ್ಕೆ ಮೊದಲೇ ತಂಡ ಬಂತು. ಜೊತೆಗೆ ಪೊಲೀಸ್, ವಿಡಿಯೊ ತೆಗೆಯುವವರು.

ಚಾವಡಿಯ ಮೇಜಿನ ಮೇಲೆ ರಟ್ಟಿನ ಮರೆ ಇಟ್ಟರು. ‘ಅಜ್ಜಿ, ನಿಧಾನಕ್ಕೆ ಹಾಕಿ, ಅವಸರ ಇಲ್ಲ’ ಎಂದು ಅಧಿಕಾರಿ ಹೇಳಿ ದೂರ ನಿಂತರು. ನಮ್ಮನ್ನೂ ಆಚೆ ಕಳಿಸಿದರು. ಅದು ನನಗೆ ತುಂಬಾ ಇಷ್ಟವಾಯಿತು. ನಡುಗುವ ಕೈಯಲ್ಲಿ ಪೆನ್ನು ಹಿಡಿದು ಗುರುತು ಹಾಕಿ, ಲಕೋಟೆ ತಾನೇ ಅಂಟಿಸಿದರು ಅಜ್ಜಿ. ಯಾರಿಗೆ ಹಾಕಿದ್ದು ಎಂದು ಇವತ್ತಿಗೂ ಹೇಳಿಲ್ಲ!

ಒಂದು ಕೊರತೆ: ಬೆಳಿಗ್ಗೆ ಎಂದವರು ಬಂದದ್ದು ಊಟದ ಹೊತ್ತಿಗೆ. ಕಾದು ಕಾದು ಅಜ್ಜಿಗೆ ಸುಸ್ತಾಗಿತ್ತು. ಒಂದು ಫೋನ್ ಮಾಡಬಹುದಿತ್ತು.

ಇನ್ನೊಂದು ಮಾತು. 12ಡಿ ಒಪ್ಪಿಗೆಯಾದ ಮೇಲೆ ಮತಗಟ್ಟೆಯಲ್ಲಿ ಹಾಕಲು ಬರುವುದಿಲ್ಲ, ಯೋಚಿಸಿ ಸಹಿ ಮಾಡಿ. ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಮೊದಲೇ ನೋಡಿ. 2019ರಲ್ಲಿ ಮತದಾನದ ರಾಯಭಾರಿಯಾಗಿದ್ದ ರಾಹುಲ್ ದ್ರಾವಿಡ್ ಅವರಿಗೇ ಹೆಸರಿಲ್ಲದೆ ಮತ ಹಾಕಲು ಆಗಲಿಲ್ಲ ಅಲ್ವಾ? ಸಂಶಯ ಇದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.