ಹಳೇ ಕಾರಿನ ಫ್ಯೂಸ್: ಕಣ್ಣು, ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್ – ಯಾವುದನ್ನು ನಂಬಬೇಕು?

ಹಳೇ ಕಾರಿನಲ್ಲಿ ವೈಪರ್ ಅರ್ಧಕ್ಕೆ ನಿಂತರೆ, ಹಾರ್ನ್ ಬಾಯಿ ಬಿಡದಿದ್ದರೆ ಮೊದಲು ನೋಡುವುದು ಫ್ಯೂಸನ್ನೇ. ನೋಡುವ ಬಗೆ ಮಾತ್ರ ಒಬ್ಬೊಬ್ಬರದು ಒಂದೊಂದು. ಕೆಲವರು ಕಿತ್ತು ಬೆಳಕಿಗೆ ಹಿಡಿಯುತ್ತಾರೆ, ಕೆಲವರು ಟೆಸ್ಟ್ ಲ್ಯಾಂಪ್ (ಒಂದು ವೈರನ್ನು ಕಾರಿನ ಲೋಹದ ಮೈಗೆ ಸಿಕ್ಕಿಸಿ, ಮೊನೆಯಿಂದ ಮುಟ್ಟಿ ಕರೆಂಟ್ ಇದೆಯೇ ನೋಡುವ ಬಲ್ಬು) ತರುತ್ತಾರೆ, ಈಗೀಗ ಹೆಚ್ಚಿನವರ ಕೈಯಲ್ಲಿ ವೋಲ್ಟ್, ಕರೆಂಟ್, ತಡೆ ಅಳೆಯುವ ಡಿಜಿಟಲ್ ಮಲ್ಟಿಮೀಟರ್. ನನ್ನ ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ ಹಳೇ ಕಾಲದ ಸೆರಾಮಿಕ್ ಫ್ಯೂಸ್‌ಗಳ ಸಾಲಿದೆ. ಆಮೇಲೆ ಹಾಕಿಸಿದ ಫಾಗ್ ಲ್ಯಾಂಪು, ಸ್ಟೀರಿಯೊಗಳಿಗೆ ಬ್ಲೇಡ್ ಫ್ಯೂಸ್‌ಗಳ, ಅಂದರೆ ಎರಡು ಚಪ್ಪಟೆ ಕಾಲಿನ ಪ್ಲಾಸ್ಟಿಕ್ ಫ್ಯೂಸ್‌ಗಳ, ಪುಟ್ಟ ಬಾಕ್ಸ್ ಇದೆ. ಎರಡರ ಮೇಲೂ ಈ ಮೂರು ದಾರಿಗಳನ್ನು ವರ್ಷಗಟ್ಟಲೆ ಬಳಸಿದ ಮೇಲೆ ನಾನು ಹೇಳುವುದು ಇಷ್ಟು: ಹಳೇ ಕಾರಿಗೆ ಬಲ್ಬಿರುವ ಸಾದಾ ಟೆಸ್ಟ್ ಲ್ಯಾಂಪೇ ಮೊದಲು, ಮಲ್ಟಿಮೀಟರ್ ಅದರ ನಂತರ.

ಕಣ್ಣಿನ ಪರೀಕ್ಷೆಯನ್ನು ನಾನು ತಳ್ಳಿಹಾಕುವುದಿಲ್ಲ. ಫ್ಯೂಸ್ ಹೋಗಿದೆಯೋ ಇಲ್ಲವೋ ಎಂಬುದಕ್ಕಿಂತ ಅದು ಹೇಗೆ ಹೋಯಿತು ಎಂಬುದನ್ನು ಕಣ್ಣೇ ಚೆನ್ನಾಗಿ ಹೇಳುತ್ತದೆ. ಗಾಜಿನ ಫ್ಯೂಸಿನ ಒಳಗೋಡೆಗೆ ಕಪ್ಪು ಅಥವಾ ಬೆಳ್ಳಿ ಬಣ್ಣದ ಮಸಿ ಮೆತ್ತಿಕೊಂಡಿದ್ದರೆ ಅದು ಒಂದೇ ಏಟಿಗೆ ಸಿಡಿದದ್ದು. ಎಲ್ಲೋ ವೈರ್ ಕಾರಿನ ಲೋಹದ ಮೈಗೆ ತಾಗಿ ಶಾರ್ಟ್ ಆಗಿದೆ. ತಂತಿ ನಡುವೆ ಮೆಲ್ಲಗೆ ಕರಗಿ, ಗಾಜು ಸ್ವಚ್ಛವಾಗೇ ಇದ್ದರೆ ಲೋಡ್ ಸ್ವಲ್ಪ ಹೆಚ್ಚಾಗಿ, ಕಾದು ಕಾದು ಹೋಗಿದೆ ಎಂದರ್ಥ. ಬ್ಲೇಡ್ ಫ್ಯೂಸಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಸಾಮಾನ್ಯ ಅಳತೆಯ ಬ್ಲೇಡ್ ಫ್ಯೂಸ್ ತನ್ನ ರೇಟಿಂಗಿನ (ಮೇಲೆ ಬರೆದ ಆಂಪಿಯರಿನ) 110% ಕರೆಂಟನ್ನು 100 ಗಂಟೆ ತಡೆದುಕೊಳ್ಳಬೇಕು. 135% ಹರಿದರೆ ಮುಕ್ಕಾಲು ಸೆಕೆಂಡಿನಿಂದ 10 ನಿಮಿಷದೊಳಗೆ ಯಾವಾಗ ಬೇಕಾದರೂ ಹೋಗಬಹುದು. ಎರಡರಷ್ಟು ಹರಿದರೆ 5 ಸೆಕೆಂಡ್ ದಾಟುವಂತಿಲ್ಲ. ಹಾಗಾಗಿ ಬ್ಲೋವರ್ (ಒಳಗೆ ಗಾಳಿ ಬೀಸುವ ಫ್ಯಾನು) ಹಾಕಿ ಐದಾರು ನಿಮಿಷವಾದ ಮೇಲೆ ಹೋಗುವ ಫ್ಯೂಸ್ ಬೆರಳು ತೋರಿಸುವುದು ವೈರಿನ ಕಡೆಗಲ್ಲ, ಗ್ರೀಸ್ ಒಣಗಿ ಬಿಗಿಯಾಗಿ ತಿರುಗುತ್ತಿರುವ ಮೋಟಾರಿನ ಕಡೆಗೆ.

ಕಣ್ಣು ಸೋಲುವುದು ಸೆರಾಮಿಕ್ ಫ್ಯೂಸಿನಲ್ಲಿ. ಮೈಮೇಲಿನ ಲೋಹದ ಪಟ್ಟಿ ಇಡಿಯಾಗೇ ಕಾಣುತ್ತದೆ, ತುದಿ ಮಡಚಿದ ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಗಾಜಿನದರಲ್ಲೂ ತಂತಿ ಲೋಹದ ಟೋಪಿಯೊಳಗೆ ಬಿಟ್ಟುಕೊಂಡಿದ್ದರೆ ಹೊರಗಿನಿಂದ ಗೊತ್ತಾಗದು. ಇಂಥ ಕಡೆ ಮಲ್ಟಿಮೀಟರ್ ಒಳ್ಳೆಯದು: ಫ್ಯೂಸನ್ನು ಹೊರಗೆ ತೆಗೆದು, ಮೀಟರನ್ನು ಕಂಟಿನ್ಯೂಟಿಯಲ್ಲಿಟ್ಟು (ದಾರಿ ಕಡಿದಿಲ್ಲವೇ ಎಂದು ನೋಡುವ ಸ್ಥಾನ) ಬೀಪ್ ಬರುತ್ತದೆಯೇ ನೋಡಿದರೆ ಮುಗಿಯಿತು. ಬಾಕ್ಸಿನಲ್ಲೇ ಇಟ್ಟು ನೋಡಬಾರದು. ಬೇರೆ ಬಲ್ಬೋ ಮೋಟಾರೋ ಮಾಡಿಕೊಟ್ಟ ಸುತ್ತುದಾರಿಯಲ್ಲಿ ಮೀಟರ್ ಬೀಪ್ ಹೊಡೆದು, ಹೋದ ಫ್ಯೂಸನ್ನೂ ಸರಿಯಿದೆ ಎನ್ನಬಹುದು.

ಆದರೆ ಹಳೇ ಕಾರಿನ ನಿಜವಾದ ರೋಗ ಫ್ಯೂಸಿನಲ್ಲಿ ಇರುವುದಕ್ಕಿಂತ ಅದನ್ನು ಹಿಡಿದಿರುವ ಕ್ಲಿಪ್ಪಿನಲ್ಲಿ ಇರುವುದೇ ಹೆಚ್ಚು. ಅಲ್ಲೇ ಮೀಟರ್ ದಾರಿ ತಪ್ಪಿಸುತ್ತದೆ. ಒಮ್ಮೆ ನನ್ನ ಕಾರಿನ ವೈಪರ್ ಸತ್ತಿತ್ತು, ಫ್ಯೂಸ್ ಚೆನ್ನಾಗಿತ್ತು. ಮೋಟಾರಿನ ಪ್ಲಗ್ ಬಿಚ್ಚಿ, ಸ್ವಿಚ್ ಹಾಕಿ, ಆ ತುದಿಯಲ್ಲಿ ಮೀಟರ್ ಹಿಡಿದರೆ 12 ವೋಲ್ಟಿಗೆ ತುಸು ಮೇಲೆಯೇ ತೋರಿಸಿತು. ಅಷ್ಟನ್ನೇ ನಂಬಿದ್ದರೆ ಹೊಸ ಮೋಟಾರ್ ತರಬೇಕಿತ್ತು. ಅದೇ ಜಾಗಕ್ಕೆ ಟೆಸ್ಟ್ ಲ್ಯಾಂಪ್ ಹಿಡಿದೆ. ಬಲ್ಬಿನ ತಂತಿ ಕೆಂಡದ ಬಣ್ಣಕ್ಕೆ ಬಂದು ಅಲ್ಲೇ ನಿಂತಿತು, ಬೆಳಗಲಿಲ್ಲ. ಹಿಂದೆ ಬಂದು ಫ್ಯೂಸ್ ಬಾಕ್ಸ್ ನೋಡಿದರೆ ಹಿತ್ತಾಳೆಯ ಕ್ಲಿಪ್ಪಿಗೆ ಹಸಿರು ಕಿಲುಬು ಹಿಡಿದಿತ್ತು. ಫ್ಯೂಸನ್ನು ಇದ್ದಲ್ಲೇ ಬೆರಳಲ್ಲಿ ಸುಮ್ಮನೆ ಉರುಟಿದ್ದಕ್ಕೆ ಲ್ಯಾಂಪ್ ಪಕ್ಕನೆ ಬೆಳ್ಳಗಾಯಿತು.

ಕಾರಣ ಸರಳ. ಡಿಜಿಟಲ್ ಮೀಟರಿನ ಒಳಗಿನ ತಡೆ ಸಾಮಾನ್ಯವಾಗಿ 10 ಮೆಗಾಓಮ್. ಅದು ಎಳೆಯುವ ಕರೆಂಟ್ ಒಂದು ಮೈಕ್ರೊಆಂಪಿಯರ್ ಆಸುಪಾಸು. ಕಿಲುಬಿನ ಮೂಲಕವೂ ಅಷ್ಟು ಹರಿದೀತು. 4 ವಾಟಿನ ಬಲ್ಬಿರುವ ಟೆಸ್ಟ್ ಲ್ಯಾಂಪ್ ಆಂಪಿಯರಿನ ಮೂರನೇ ಒಂದು ಭಾಗ ಕೇಳುತ್ತದೆ, 21 ವಾಟಿನ ಬ್ರೇಕ್ ಲೈಟ್ ಬಲ್ಬು ಕಟ್ಟಿಕೊಂಡರೆ 1.75 ಆಂಪಿಯರ್. ನಲ್ಲಿಗೆ ಬೆರಳಿಟ್ಟು ಒದ್ದೆಯಾಯಿತೆಂದ ಮಾತ್ರಕ್ಕೆ ಕೊಡ ತುಂಬುತ್ತದೆ ಅನ್ನುವಂತಿಲ್ಲವಲ್ಲ. ಎಲ್‌ಇಡಿ ಇರುವ ಟೆಸ್ಟರುಗಳನ್ನೂ ಬಳಸಿ ನೋಡಿದೆ. ಅವೂ ಮೀಟರಿನ ಜಾತಿಗೇ ಸೇರಿದವು, ಚೂರೇ ಚೂರು ಕರೆಂಟಿಗೂ ಉರಿಯುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು: ಕಾರಿನಲ್ಲಿ ಏರ್‌ಬ್ಯಾಗ್ ಇದ್ದರೆ ಅದರ ವೈರಿನ ಹತ್ತಿರ ಯಾವ ಟೆಸ್ಟ್ ಲ್ಯಾಂಪೂ, ಮೀಟರೂ ಸುಳಿಯಬಾರದು, ಇಂಜಿನ್ ಕಂಪ್ಯೂಟರಿನ ವೈರುಗಳಿಗೂ ಬಲ್ಬಿನ ಲ್ಯಾಂಪ್ ಬೇಡ. ಕಂಪ್ಯೂಟರಿನ ವೈರುಗಳಿಗೆ ಮೀಟರೇ ಗತಿ.

ಮೀಟರ್ ನಿಜಕ್ಕೂ ಗೆಲ್ಲುವುದು ಮಿಲಿವೋಲ್ಟಿನಲ್ಲಿ. ಲೋಡ್ ಚಾಲೂ ಇರುವಾಗ ಫ್ಯೂಸಿನ ಎರಡೂ ಕಡೆಯ ಕ್ಲಿಪ್ಪುಗಳ ಮೇಲೆ ಕಡ್ಡಿಗಳನ್ನಿಟ್ಟು ನೋಡಿ. ಒಂದು ವೋಲ್ಟಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ; ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ಕ್ಲಿಪ್ ತಿಕ್ಕುವ ಕಾಲ ಬಂದಿದೆ. ರಾತ್ರೋರಾತ್ರಿ ಬ್ಯಾಟರಿ ಇಳಿಯುವ ತೊಂದರೆಗೂ ಇದೇ ಉಪಾಯ. ಬ್ಲೇಡ್ ಫ್ಯೂಸಿನ ನೆತ್ತಿಯಲ್ಲಿರುವ ಎರಡು ಪುಟ್ಟ ಲೋಹದ ಚುಕ್ಕೆಗಳ ಮೇಲೆ ಕಡ್ಡಿ ಮುಟ್ಟಿಸಿದರೆ ಯಾವ ಫ್ಯೂಸಿನಲ್ಲಿ ಕರೆಂಟ್ ಕಳ್ಳತನವಾಗಿ ಹೋಗುತ್ತಿದೆ ಎಂದು ಒಂದನ್ನೂ ಕೀಳದೆ ತಿಳಿಯುತ್ತದೆ. ಟೆಸ್ಟ್ ಲ್ಯಾಂಪಿಗೆ ಇದು ಸಾಧ್ಯವೇ ಇಲ್ಲ.

ಇನ್ನು ಹಾಕಿದ ಕೂಡಲೇ ಹೋಗುವ ಫ್ಯೂಸ್. ಒಂದಾದ ಮೇಲೊಂದು ಹೊಸದು ಹಾಕುತ್ತ ಹೋಗುವವರಿದ್ದಾರೆ. ಅದರಿಂದ ಡಬ್ಬಿ ಖಾಲಿಯಾಗುತ್ತದೆ, ಶಾರ್ಟ್ ಸಿಗುವುದಿಲ್ಲ. ತಾನಾಗಿ ರೀಸೆಟ್ ಆಗುವ ಬ್ರೇಕರನ್ನು ಫ್ಯೂಸಿನ ಜಾಗದಲ್ಲಿ ಹಾಕಿಯೂ ನೋಡಿದ್ದೇನೆ. ಅದು ಟಕ್ ಎಂದು ಬೀಳುತ್ತದೆ, ತಣ್ಣಗಾಗಿ ಮತ್ತೆ ಹಿಡಿಯುತ್ತದೆ, ಪ್ರತಿ ಸಲವೂ ವೈರಿನಲ್ಲಿ ಪೂರ್ತಿ ಶಾರ್ಟ್ ಕರೆಂಟ್ ನುಗ್ಗುತ್ತದೆ. ಹಳೇ ವೈರಿಂಗಿನ ಒಣಗಿದ ಇನ್ಸುಲೇಷನ್ ಮೇಲೆ ಈ ಹೊಡೆತ ನನಗೆ ಹಿಡಿಸಲಿಲ್ಲ.

ನನ್ನ ಮೆಚ್ಚಿನ ದಾರಿ 55 ವಾಟಿನ ಹೆಡ್‌ಲ್ಯಾಂಪ್ ಬಲ್ಬು. ಅದಕ್ಕೆ ಎರಡು ವೈರ್ ಬೆಸೆದು, ಹೋದ ಫ್ಯೂಸಿನ ಎರಡು ಕಾಲುಗಳಿಗೆ ಜೋಡಿಸಿ ಬಾಕ್ಸಿಗೆ ಸಿಕ್ಕಿಸುವುದು. ಆ ದಾರಿಯ ಸ್ವಿಚ್ಚುಗಳನ್ನು ಬೇಕಾದಂತೆ ಹಾಕಿಟ್ಟು ಬಲ್ಬು, ಮೋಟಾರುಗಳನ್ನು ಬಿಚ್ಚಿದ ಮೇಲೂ ಹೆಡ್‌ಲ್ಯಾಂಪ್ ಬಲ್ಬು ಪೂರ್ತಿ ಬೆಳಗಿದರೆ ಶಾರ್ಟ್ ಖಾತ್ರಿ. ಎಂಥ ಶಾರ್ಟ್ ಇದ್ದರೂ ಹರಿಯುವುದು ನಾಲ್ಕೂವರೆ, ಐದು ಆಂಪಿಯರ್ ಅಷ್ಟೆ. ಬಲ್ಬು ಉರಿಯುತ್ತಿರುವಾಗಲೇ ವೈರನ್ನು ಇಂಚಿಂಚಾಗಿ ಅಲುಗಾಡಿಸುತ್ತ ಹೋಗಬೇಕು. ನಂಬರ್ ಪ್ಲೇಟಿನ ಲೈಟಿಗೆ ಇದ್ದ ಫ್ಯೂಸ್ ಹೋಗುತ್ತಲೇ ಇದ್ದಾಗ ನಾನು ಡಿಕ್ಕಿಯ ಮುಚ್ಚಳ ಎತ್ತಿದೆ, ಬಲ್ಬು ಆರಿತು, ಇಳಿಸಿದೆ, ಉರಿಯಿತು. ಹಿಂಜಿನ ಮಡಿಕೆಯಲ್ಲಿ ವೈರಿನ ಇನ್ಸುಲೇಷನ್ ಸವೆದು, ತಾಮ್ರ ಹೊಳೆಯುತ್ತಿತ್ತು. ಹಳೇ ಕಾರುಗಳಲ್ಲಿ ಬಾಗಿಲ ಹಿಂಜು, ಡಿಕ್ಕಿ ಹಿಂಜು, ಲೋಹದ ತಗಡಿನ ತೂತಿನಲ್ಲಿ ರಬ್ಬರ್ ಗ್ರೊಮೆಟ್ (ವೈರ್ ಸವೆಯದಂತೆ ಕಾಯುವ ಬಳೆ) ಕಳಚಿಹೋದ ಜಾಗ – ಹುಡುಕಾಟ ಇಲ್ಲಿಂದಲೇ ಶುರುವಾಗಲಿ. ಹ್ಯಾಲೊಜೆನ್ ಬಲ್ಬು ಸುಡುವಷ್ಟು ಬಿಸಿಯಾಗುತ್ತದೆ. ಸೀಟಿನ ಮೇಲೋ ಕಾರ್ಪೆಟ್ ಮೇಲೋ ಇಡದೆ ಗಾಳಿಯಲ್ಲಿ ತೂಗುಹಾಕಿ.

ಹೊಸ ಫ್ಯೂಸ್ ಹಾಕುವಾಗ ಬಣ್ಣ ನಂಬಿ ಕೈಹಾಕುವುದು ಅಪಾಯ. ಬ್ಲೇಡಿನಲ್ಲಿ ಕೆಂಪು 10, ನೀಲಿ 15, ಹಳದಿ 20 ಆಂಪಿಯರ್. ಸೆರಾಮಿಕ್ಕಿನಲ್ಲಿ ಹಳದಿ 5, ಬಿಳಿ 8, ಕೆಂಪು 16, ನೀಲಿ 25. ಎರಡೂ ಬಗೆ ಇರುವ ಕಾರಿನಲ್ಲಿ ಒಂದರ ಅಭ್ಯಾಸ ಇನ್ನೊಂದಕ್ಕೆ ಕೆಲಸಕ್ಕೆ ಬಾರದು, ಅಂಕಿ ಓದಲೇಬೇಕು. ಗಾಜಿನ ಫ್ಯೂಸಿನಲ್ಲಿ ಅಂಕಿಯೂ ಸಾಲದು. ಹಳೇ ಬ್ರಿಟಿಷ್ ಕಾರುಗಳ ಲ್ಯೂಕಸ್ ಕಂಪನಿಯ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಹಾರುವ ಕರೆಂಟು. ಸದಾ ಹೊರಬಲ್ಲದ್ದು 17 ಆಂಪಿಯರ್ ಮಾತ್ರ. ಆ ಜಾಗಕ್ಕೆ, ಸದಾ ಹೊರುವ ಕರೆಂಟನ್ನೇ ಬರೆಯುವ ಅಮೆರಿಕನ್ ಲೆಕ್ಕದ 35ರ ಗಾಜಿನ ಫ್ಯೂಸ್ ಹಾಕಿದರೆ ವೈರಿಗೆ ಇದ್ದ ಕಾವಲು ಅರ್ಧಕ್ಕರ್ಧ ಹೋದಂತೆ. ಹೋದ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತುವ ಬಗ್ಗೆ ಹೇಳುವುದೇನಿದೆ, ಆಗ ಕಾರ್ಪೆಟ್ ಕೆಳಗಿನ ವೈರೇ ಫ್ಯೂಸ್ ಆಗುತ್ತದೆ.

ಹಲವು ರೇಟಿಂಗುಗಳು ಒಟ್ಟಿಗೆ ಬರುವ ಅಗ್ಗದ ಬ್ಲೇಡ್ ಫ್ಯೂಸ್ ಡಬ್ಬಿಯನ್ನೂ, ಹೆಸರಾಂತ ತಯಾರಕರ ಬಿಡಿ ಫ್ಯೂಸನ್ನೂ ಮೇಜಿನ ಮೇಲೆ ಬ್ಯಾಟರಿ ಇಟ್ಟು ಹೋಲಿಸಿದೆ. 5 ಆಂಪಿಯರ್ ಫ್ಯೂಸಿನ ಮೂಲಕ ಎರಡು ಹೆಡ್‌ಲ್ಯಾಂಪ್ ಬಲ್ಬುಗಳನ್ನು ಒಟ್ಟಿಗೆ ಉರಿಸಿದಾಗ ಹರಿಯುವುದು ಹೆಚ್ಚುಕಡಿಮೆ ಎರಡರಷ್ಟು. ಒಳ್ಳೆಯದು ಆಗಲೇ ಹೋಯಿತು. ಡಬ್ಬಿಯದು ಹಿಡಿದುಕೊಂಡೇ ಇತ್ತು, ಅದರ ಪ್ಲಾಸ್ಟಿಕ್ ಮೆತ್ತಗಾಗತೊಡಗಿದಾಗ ನಾನೇ ಬಿಚ್ಚಿದೆ. ಆ ಡಬ್ಬಿ ಮತ್ತೆ ಕಾರಿನೊಳಗೆ ಹೋಗಲಿಲ್ಲ. ಅಂದಹಾಗೆ, ಕಾರಿನಲ್ಲೇ ಒಳ್ಳೆಯ ಫ್ಯೂಸಿನ ಪ್ಲಾಸ್ಟಿಕ್ ಕರಗಿ ಒಳಗಿನ ತಂತಿ ಮಾತ್ರ ಗಟ್ಟಿಯಾಗಿದ್ದರೆ ದೋಷ ಸಡಿಲ ಕ್ಲಿಪ್ಪಿನದು. ಹೊಸ ಫ್ಯೂಸ್ ಹಾಕಿದರೂ ಅದೇ ಗತಿ.

ಸೆರಾಮಿಕ್ ಬಾಕ್ಸನ್ನೇ ತೆಗೆದು ಪೂರ್ತಿ ಬ್ಲೇಡಿಗೆ ಬದಲಾಯಿಸಬೇಕೇ? ಹಿಡಿತದಲ್ಲಿ ಬ್ಲೇಡ್ ಮೇಲು, ಅದರಲ್ಲಿ ಎರಡು ಮಾತಿಲ್ಲ. 8ರ ಜಾಗಕ್ಕೆ 7.5, 16ರ ಜಾಗಕ್ಕೆ 15 ಹಾಕಬಹುದು. ಆದರೂ ಕ್ಲಿಪ್ಪುಗಳು ಇನ್ನೂ ಸ್ಪ್ರಿಂಗಿನಂತೆ ಬಿಗಿಯಾಗಿದ್ದರೆ ನಾನು ಹಳೆಯದನ್ನೇ ಉಳಿಸುವೆ: ಬ್ಯಾಟರಿಯ ನೆಗೆಟಿವ್ ಬಿಚ್ಚಿ, ನಯವಾದ ಮರಳು ಕಾಗದದಿಂದ ತಿಕ್ಕಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ತಾಮ್ರದ ಪಟ್ಟಿಯ ಹೊಸ ಫ್ಯೂಸ್ ಹಾಕಿದರೆ ಬಹುಕಾಲ ಬರುತ್ತದೆ. ಕ್ಲಿಪ್ ಕಾದು ನೀಲಿಗಟ್ಟಿ ಬಿಗಿ ಕಳೆದುಕೊಂಡಿದ್ದರೆ ಮಾತ್ರ ತಿಕ್ಕುವುದು ವ್ಯರ್ಥ, ಬಾಕ್ಸ್ ಬದಲಿಸಿ.